ಪದಚರ್ಚೆ: ಗಾರ್ಡನ್ ರೈಲ್ವೆಗೆ ಕನ್ನಡದಲ್ಲಿ ಏನನ್ನೋಣ? ‘ಬೋಗಿ’ಯದ್ದೂ ಒಂದು ಗೊಂದಲ

ಎಲ್ಲರಿಗೂ ನಮಸ್ಕಾರ.

ಮನೆಯ ಪಕ್ಕದ ಜಾಗದಲ್ಲಿ, ಗಿಡಗಳ ನಡುವೆ ಪುಟ್ಟ ಹಳಿ ಹಾಕಿ ರೈಲು ಓಡಿಸುವ ಹವ್ಯಾಸಕ್ಕೆ ಕನ್ನಡದಲ್ಲಿ ಒಂದು ಒಳ್ಳೆ ಹೆಸರು ಬೇಕಾಗಿದೆ. ಅದರ ಬಿಡಿಭಾಗಗಳಿಗೂ ಕೆಲವು ಪದ ಬೇಕು. ನಾನಿರುವುದು ಜರ್ಮನಿಯಲ್ಲಿ, ನ್ಯೂರೆಂಬರ್ಗ್ ಹತ್ತಿರ. ಕನ್ನಡದ ಕೆಲವು ಮನೆಯವರು, ಇಲ್ಲಿನವರು ಕೆಲವರು ಸೇರಿ ಬೇಸಿಗೆಯ ಶನಿವಾರಗಳಲ್ಲಿ ಯಾರಾದರೊಬ್ಬರ ಮನೆಯಲ್ಲಿ ಕೂಡುತ್ತೇವೆ. ಅವರವರ ಎಂಜಿನ್ನು ಅವರವರು ತರುತ್ತಾರೆ, ಸಂಜೆವರೆಗೂ ಓಡಿಸುತ್ತೇವೆ. ಈ ಸಲ ಇಲ್ಲಿನ ಕನ್ನಡದ ಮಕ್ಕಳನ್ನೂ ಕರೆದಿದ್ದೇವೆ. ಅವರ ಕೈಗೆ ಕನ್ನಡದಲ್ಲೇ ಬರೆದ ಒಂದು ಪುಟ ಕೊಡಬೇಕು ಅಂತ ನನ್ನಾಸೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1968ರಲ್ಲಿ ಇದೇ ನ್ಯೂರೆಂಬರ್ಗಿನ ಆಟಿಕೆ ಮೇಳದಲ್ಲಿ ಲೇಮನ್ ಕಂಪನಿಯವರು ಎಲ್‌ಜಿಬಿ ಅನ್ನೋ ಹೆಸರಿನ ದೊಡ್ಡ ಅಳತೆಯ ರೈಲು ತಂದರು. ಕಂಬಿ ಹಿತ್ತಾಳೆಯದು, ಎರಡು ಕಂಬಿಗಳ ನಡುವೆ 45 ಮಿಲಿಮೀಟರ್. ಮಳೆ, ಬಿಸಿಲು, ಹಿಮ ಏನೇ ಬಂದರೂ ಹಳಿ ಹೊರಗೇ ಇರಬಹುದು. ಮನೆಯೊಳಗಿನ ಮೇಜಿನ ಮೇಲಿಂದ ರೈಲು ಹೊರಗೆ ಬಂದು ಮಣ್ಣಿಗೆ ಇಳಿದದ್ದು ಜಾಸ್ತಿ ಇದರಿಂದಲೇ. ಈಗ ಈ ಹೆಸರು ಮಾರ್ಕ್ಲಿನ್ ಕಂಪನಿಯ ಕೈಯಲ್ಲಿದೆ. ಜರ್ಮನ್ನಿನಲ್ಲಿ ಈ ಹವ್ಯಾಸಕ್ಕೆ ‘ಗಾರ್ಟನ್‌ಬಾನ್’ ಅಂತಾರೆ. ಬಾನ್ ಅಂದರೆ ದಾರಿ, ರೈಲುದಾರಿಗೂ ಅದೇ ಮಾತು.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ‘ಆಟಿಕೆ ರೈಲು’ ನನಗೆ ಒಪ್ಪಿಗೆಯಿಲ್ಲ. ಗ್ಯಾಸಿನಿಂದ ನೀರು ಕಾಯಿಸಿ ನಿಜವಾದ ಉಗಿಯಲ್ಲೇ ಓಡುವ ಎಂಜಿನ್ನು ನಮ್ಮ ಗುಂಪಿನಲ್ಲಿದೆ, ಅದನ್ನು ಮಕ್ಕಳ ಕೈಗೆ ಕೊಡೋಕಾಗಲ್ಲ. ‘ಪುಟಾಣಿ ರೈಲು’ ಮುದ್ದಾದ ಮಾತು, ಆದರೆ ಬೆಂಗಳೂರಿನವರಿಗೆ ಅದು ಕಬ್ಬನ್ ಪಾರ್ಕಿನಲ್ಲಿ ಮಕ್ಕಳು ಹತ್ತಿ ಕೂರುವ ರೈಲು, ಅಲ್ವಾ? ‘ಮಾದರಿ ರೈಲು’ ಅಂದರೆ ಮಾದರಿ ಶಾಲೆ, ಮಾದರಿ ಗ್ರಾಮದ ಹಾಗೆ ಉಳಿದವರು ನೋಡಿ ಕಲಿಯಬೇಕಾದ ರೈಲು ಅನ್ನಿಸುತ್ತೆ. ಮೈಸೂರಿನ ಗೆಳೆಯರೊಬ್ಬರು ‘ಉದ್ಯಾನ ರೈಲು’ ಅಂತ ಸೂಚಿಸಿದರು. ಕಿವಿಗೇನೋ ಹಿತವಾಗಿದೆ, ಆದರೆ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಇರುವಾಗ ಆ ಮಾತಿಗೆ ಬೇರೆ ಅರ್ಥ ಹಿಡಿಸುವುದು ಕಷ್ಟ. ಉದ್ಯಾನ ಅಂದರೆ ಲಾಲ್‌ಬಾಗಿನಂಥದ್ದು, ಮನೆಯದ್ದಲ್ಲ.

ಹಾಗಾದರೆ ತೋಟ? ಮಲೆನಾಡಿನವಳಾದ ನನಗೆ ತೋಟ ಅಂದರೆ ಅಡಿಕೆ ತೋಟ, ಕಾಫಿ ತೋಟ. ‘ತೋಟದ ರೈಲು’ ಅಂದರೆ ಅಡಿಕೆ ಗೊನೆ ಸಾಗಿಸೋ ಟ್ರಾಲಿ ಅಂತಲೇ ನಮ್ಮೂರಲ್ಲಿ ತಿಳ್ಕೊಳ್ಳೋದು. ಉಳಿಯುವುದು ಕೈತೋಟ ಮತ್ತು ಹಿತ್ತಲು. ಹಿತ್ತಲು ಅಂದ ಕೂಡಲೇ ಕರಿಬೇವು, ಬಟ್ಟೆ ಒಗೆಯೋ ಕಲ್ಲು, ಬಸಳೆ ಚಪ್ಪರ ಕಣ್ಣಿಗೆ ಬರುತ್ತೆ, ಜೊತೆಗೆ ‘ಹಿತ್ತಲ ಗಿಡ ಮದ್ದಲ್ಲ’ ಅನ್ನೋ ಗಾದೆಯೂ ಅಂಟಿಕೊಂಡಿದೆ. ಜಾಗ ಮನೆಯ ಮುಂದೆ ಇದ್ದರೆ ಆ ಮಾತು ಸರಿಹೋಗೋದೂ ಇಲ್ಲ. ಕೈತೋಟ ಹಾಗಲ್ಲ, ಅದು ನಾವೇ ಕೈಯಾರೆ ಬೆಳೆಸಿದ್ದು, ಮುಂದೆ ಇರಲಿ ಹಿಂದೆ ಇರಲಿ. ಹಾಗಾಗಿ ನನ್ನ ಮತ ‘ಕೈತೋಟದ ರೈಲು’ಗೆ. ಇಡೀ ಏರ್ಪಾಡನ್ನು, ಅಂದರೆ ಹಳಿ, ಸೇತುವೆ, ನಿಲ್ದಾಣ ಎಲ್ಲವನ್ನೂ ಸೇರಿಸಿ ಹೇಳುವಾಗ ‘ಕೈತೋಟದ ರೈಲುದಾರಿ’.

ಇದಕ್ಕಿಂತ ದೊಡ್ಡ ಗಂಟು ‘ಬೋಗಿ’. ಕನ್ನಡದಲ್ಲಿ ಬೋಗಿ ಅಂದರೆ ನಾವು ಹತ್ತಿ ಕೂರುವ ಇಡೀ ಡಬ್ಬಿ. ‘ಕೊನೇ ಬೋಗಿಯಲ್ಲಿ ಜಾಗ ಸಿಕ್ಕಿತು’ ಅಂತೀವಿ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಇಂಗ್ಲಿಷಿನಲ್ಲಿ ಬೋಗಿ ಅಂದರೆ ಡಬ್ಬಿಯ ಅಡಿಯಲ್ಲಿ, ಆ ತುದಿಗೊಂದು ಈ ತುದಿಗೊಂದು ಇರುವ, ಸಾಮಾನ್ಯವಾಗಿ ನಾಲ್ಕು ಚಕ್ರ ಹೊತ್ತು ತಿರುವಿನಲ್ಲಿ ತಾನಾಗಿ ತಿರುಗಿಕೊಳ್ಳುವ ಚೌಕಟ್ಟು. ಸುಮ್ನೆ ಪ್ರಯಾಣ ಮಾಡುವವರಿಗೆ ಈ ಚೌಕಟ್ಟಿನ ಮಾತೇ ಬರಲ್ಲ. ನಮಗೆ ಪ್ರತಿ ಶನಿವಾರ ಬರುತ್ತೆ. ಮೊನ್ನೆ ಒಂದು ಉದ್ದನೆ ಡಬ್ಬಿ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಹಳಿ ತಪ್ಪುತ್ತಿತ್ತು. ಬಹಳ ಬಿಗಿಯಾದ ತಿರುವು, ತ್ರಿಜ್ಯ 60 ಸೆಂಟಿಮೀಟರ್. ಅಲ್ಲೇ ಬಗ್ಗಿ ಕೂತಿದ್ದ ಧಾರವಾಡದ ಗೆಳೆಯರಿಗೆ ‘ಮುಂದಿನ ಬೋಗಿ ತಿರುಗ್ತಾ ಇಲ್ಲ, ಸ್ವಲ್ಪ ನೋಡ್ರಿ’ ಅಂದೆ. ಅವರು ಎಂಜಿನ್ನಿನ ಹಿಂದಿದ್ದ ಡಬ್ಬಿಯನ್ನು ಬಿಚ್ಚಿ, ಪೂರ್ತಿ ತಿರುಗಿಸಿ, ಮತ್ತೆ ಹಳಿಗೆ ಇಟ್ಟರು. ಕನ್ನಡದ ಅರ್ಥದಲ್ಲಿ ಅವರು ಮಾಡಿದ್ದೇ ಸರಿ. ಆಮೇಲೆ ತೊಂದರೆ ಕೊಡ್ತಿದ್ದ ಡಬ್ಬಿಯನ್ನು ಬೋರಲು ಹಾಕಿ ನೋಡಿದರೆ ಚೌಕಟ್ಟು ತಿರುಗುವ ಮೊಳೆಯ ಸಂದಿಯಲ್ಲಿ ಪೈನ್ ಮರದ ಒಂದು ಸೂಜಿಯೆಲೆ ಅಡ್ಡ ಕೂತಿತ್ತು. ಚಿಮುಟದಲ್ಲಿ ಎಳೆದು ತೆಗೆದ ಮೇಲೆ ಡಬ್ಬಿ ಸಲೀಸಾಗಿ ತಿರುವು ದಾಟಿತು.

ಬೋಗಿಯ ಕನ್ನಡದ ಅರ್ಥವನ್ನು ಬದಲಿಸೋಕೆ ಹೋಗಬಾರದು ಅಂತ ನನ್ನ ಅನಿಸಿಕೆ. ಊರೆಲ್ಲ ಆಡುವ ಮಾತು ಅದು. ಆ ಚೌಕಟ್ಟಿಗೇ ಬೇರೆ ಹೆಸರು ಕೊಡೋಣ. ‘ಗಾಲಿಮಣೆ’ ಅಂದರೆ ಹೇಗೆ? ಊಟಕ್ಕೆ ಮಣೆ ಹಾಕಿ ಕೂರುವ ಹಾಗೆ ಡಬ್ಬಿ ಅದರ ಮೇಲೆ ಕೂರುತ್ತೆ. ಈಳಿಗೆಮಣೆ, ಚನ್ನೆಮಣೆ ಇರುವ ಭಾಷೆಯಲ್ಲಿ ಇದು ಹೊರಗಿನದು ಅನ್ನಿಸಲಿಕ್ಕಿಲ್ಲ. ‘ಚಕ್ರಪೀಠ’ ಅನ್ನೋ ಸಲಹೆಯೂ ಬಂದಿದೆ, ಆದರೆ ಪೀಠ ಅಂದರೆ ನನಗೆ ಮಠದ ನೆನಪೇ ಬರೋದು.

ಉಳಿದವು ಅಷ್ಟು ಕಷ್ಟದವಲ್ಲ. ನಮ್ಮ ಗುಂಪಿನಲ್ಲಿ ಕೆಲವರು ಕಂಬಿ ಅಂತಾರೆ, ಕೆಲವರು ಹಳಿ ಅಂತಾರೆ. ಎರಡೂ ಇಟ್ಟುಕೊಂಡರೆ ಲಾಭವೇ. ಒಂದೊಂದು ಹಿತ್ತಾಳೆ ಸರಳಿಗೆ ಕಂಬಿ, ಎರಡು ಕಂಬಿಯೂ ಅಡ್ಡಪಟ್ಟಿಯೂ ಸೇರಿದ್ದಕ್ಕೆ ಹಳಿ. ‘ಸ್ಲೀಪರ್’ ಅಂದರೆ ಈಗಿನ ಮಕ್ಕಳಿಗೆ ಮಲಗಿಕೊಂಡು ಹೋಗೋ ಬಸ್ಸು, ಅದಕ್ಕೇ ಅಡ್ಡಪಟ್ಟಿ ಅಂದೆ. ಹಳಿ ಎರಡಾಗಿ ಒಡೆಯುವ ಜಾಗಕ್ಕೆ ‘ಕವಲುಹಳಿ’ ಬರೀಬಹುದು, ಬಾಯಲ್ಲಿ ‘ಪಾಯಿಂಟು’ ಇರಲಿ. ಸಿಗ್ನಲ್ ಕಂಬಕ್ಕೆ ಹಳೆಯವರ ‘ಕೈಮರ’ ಇದ್ದೇ ಇದೆ. ನಮ್ಮಲ್ಲಿರುವುದು ಕೈ ಎತ್ತಿ ಇಳಿಸುವ ಹಳೇ ಬಗೆಯ ಸಿಗ್ನಲ್ಲೇ ಆದ್ದರಿಂದ ಇದಕ್ಕಿಂತ ಒಳ್ಳೆ ಪದ ಬೇಕಿಲ್ಲ. ಉದ್ದಕ್ಕೆ ಒಂದರ ಮುಂದೊಂದು ಜೋಡಿಸುವ ಕಂಬಿಗಳ ತುದಿಗಳ ನಡುವೆ ಬಿಡುವ ಜಾಗಕ್ಕೆ ‘ಸಂದು’ ಸಾಕು. ಮಕ್ಕಳಿಗೆ ಇದನ್ನು ತೋರಿಸಲೇಬೇಕು, ಯಾಕೆಂದರೆ ಚಳಿಗಾಲಕ್ಕೂ ಸುಡುಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಬಂದರೆ ಹತ್ತು ಮೀಟರ್ ಹಿತ್ತಾಳೆ ಕಂಬಿ ಏಳು ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತೆ, ಸಂದು ಬಿಡದಿದ್ದರೆ ಹಳಿ ಹಾವಿನಂತೆ ಸೊಟ್ಟಗಾಗುತ್ತೆ.

ಗೇಜು ಮತ್ತು ಸ್ಕೇಲು ಮಾತ್ರ ಬೇರೆ ಬೇರೆ ಇಡಲೇಬೇಕು. ಗೇಜು ಅಂದರೆ ಕಂಬಿಗಳ ನಡುವಿನ ಅಗಲ, ಇದನ್ನು ಹಾಗೇ ಬಿಡೋಣ, ಮೀಟರ್ ಗೇಜು ಬ್ರಾಡ್ ಗೇಜು ಕೇಳದ ಕನ್ನಡಿಗರಿಲ್ಲ. ಸ್ಕೇಲು ಅಂದರೆ ನಿಜವಾದದ್ದನ್ನು ಎಷ್ಟನೇ ಒಂದು ಪಾಲಿಗೆ ಇಳಿಸಿದ್ದೇವೆ ಅನ್ನೋದು. ಅದಕ್ಕೆ ‘ಮಾಪಕ’ ಅಂದರೆ ಅಳೆಯೋ ಸಾಧನ ಆಗುತ್ತೆ, ‘ಪ್ರಮಾಣ’ ಅಂದರೆ ಆಣೆಯೂ ಆಗಬಹುದು. ‘ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು’ ಅಂತ ನೇರವಾಗಿ ಹೇಳಿದರೆ ಮಕ್ಕಳೇ ಲೆಕ್ಕ ಹಾಕ್ತಾರೆ. ಹತ್ತು ಮೀಟರಿನ ಮಾವಿನ ಮರ ಇಲ್ಲಿ 44 ಸೆಂಟಿಮೀಟರ್, ಅದಕ್ಕೇ ಗಿಡ್ಡ ಜಾತಿಯ ಗಿಡಗಳನ್ನೇ ಹುಡುಕಿ ನೆಡೋದು. ಇದೇ ಪಾಲಿನಲ್ಲಿ ಮೀಟರ್ ಗೇಜು 44.4 ಮಿಲಿಮೀಟರ್, ಅಂದರೆ ನಮ್ಮ 45ಕ್ಕೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತೆ. 1882ರಲ್ಲಿ ಬೆಂಗಳೂರಿಂದ ಮೈಸೂರು ಮುಟ್ಟಿದ ದಾರಿಯೂ ಮೀಟರ್ ಗೇಜೇ, ಊಟಿಯ ರೈಲು ಇವತ್ತಿಗೂ ಅದೇ. ಇಂದಿನ ನಮ್ಮ ಬ್ರಾಡ್ ಗೇಜಿನ ಎಂಜಿನ್ನನ್ನು ಇದೇ ಹಳಿಯ ಮೇಲೆ ಸರಿಯಾಗಿ ಓಡಿಸಬೇಕಾದರೆ ಅದನ್ನು ಸುಮಾರು 37ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಹಳಿ ಒಂದೇ, ಪಾಲು ಬೇರೆ. ಎರಡಕ್ಕೂ ‘ಅಳತೆ’ ಅಂತ ಬರೆದರೆ ಇದನ್ನು ವಿವರಿಸೋಕೇ ಆಗಲ್ಲ.

ಹುಬ್ಬಳ್ಳಿ ಅಥವಾ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಈ ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ. ಡಬ್ಬಿಯಡಿಯ ಆ ಚೌಕಟ್ಟಿಗೆ ಕೆಲಸದ ಜಾಗದಲ್ಲಿ ಕನ್ನಡದಲ್ಲಿ ಏನಂತಿದ್ದರು? ಅಲ್ಲಿ ಆಡುವ ಮಾತು ಇದ್ದರೆ ಗಾಲಿಮಣೆಯನ್ನು ಬಿಟ್ಟು ಅದನ್ನೇ ಪುಟಕ್ಕೆ ಹಾಕ್ತೀನಿ. ಕೈತೋಟದ ರೈಲು ಅನ್ನೋದಕ್ಕೆ ಕರಾವಳಿಯವರ, ಬಯಲುಸೀಮೆಯವರ ಒಪ್ಪಿಗೆ ಇದೆಯಾ ಅನ್ನೋದನ್ನೂ ಹೇಳಿ.