ಬಿಳಿ ರೆಡ್‌ವುಡ್: ಪರಾವಲಂಬಿಯೋ, ತಾಯಿ ಮರದ ಕಂದೋ? (ಅರಣ್ಯಶಾಸ್ತ್ರ ಬ್ಯಾಚ್ ಗುಂಪಿನ ಚರ್ಚೆ)

ಮಂಜುನಾಥ, 7:12
[ಫಾರ್ವರ್ಡ್] ಕ್ಯಾಲಿಫೋರ್ನಿಯಾದ ಭೂತ ಮರಗಳು!! ಹಸಿರೇ ಇಲ್ಲದ ಬಿಳಿ ರೆಡ್‌ವುಡ್ ಮರಗಳು ಪಕ್ಕದ ಆರೋಗ್ಯವಂತ ಮರಗಳ ರಕ್ತ ಹೀರಿ ಪರಾವಲಂಬಿಗಳಾಗಿ ನೂರಾರು ವರ್ಷ ಬದುಕುತ್ತವೆ. ಬೀಜ ತಂದು ನಮ್ಮ ತೋಟದಲ್ಲೂ ಬೆಳೆಸಬಹುದು. ಎಲ್ಲರಿಗೂ ಹಂಚಿ.

ಮಂಜುನಾಥ, 7:13
ಚಿತ್ರ ನಿಜದ್ದೇ. ಭೂತ, ರಕ್ತ ಇವನ್ನ ತೆಗೆದರೆ ಉಳಿದ ವಿಷಯ ಸರಿ ಇದೆ ಅನ್ಸುತ್ತೆ. ನಮ್ಮ ಮನೆ ಗುಂಪಿಗೂ ಹಾಕ್ಲಾ?

ರೇಖಾ, 7:20
ಹಾಕ್ಬೇಡ ಮಂಜು. "ಪಕ್ಕದ ಮರ" ಅನ್ನೋದೇ ತಪ್ಪು. ಕೋಸ್ಟ್ ರೆಡ್‌ವುಡ್ ಬುಡದಲ್ಲಿ ದೊಡ್ಡ ಗಂಟು ಇರುತ್ತೆ, ಅದರ ತುಂಬ ಸುಪ್ತ ಮೊಗ್ಗು. ಮರ ಕಡಿದ್ರೆ, ಬೆಂಕಿ ಬಿದ್ರೆ, ಒಮ್ಮೊಮ್ಮೆ ಏನೂ ಆಗದೆಯೂ ಅಲ್ಲಿಂದ ಚಿಗುರು ಏಳುತ್ತೆ. ನೀಲಗಿರಿ ಕಾಪಿಸ್ (ಕಡಿದ ಬುಡದಿಂದ ಮತ್ತೆ ಚಿಗುರಿಸೋದು) ನೋಡಿದೀಯಲ್ಲ, ಹಾಗೇ. ಅಂಥ ಒಂದು ಮೊಗ್ಗಿನಲ್ಲಿ ಮ್ಯುಟೇಶನ್ (ಜೀನಿನಲ್ಲಿ ಬದಲಾವಣೆ) ಆಗಿ ಪತ್ರಹರಿತ್ತು ತಯಾರಾಗೋದು ನಿಂತ್ರೆ ಆ ಚಿಗುರು ಬಿಳಿ. ಬೇರು ಅದೇ, ಸಕ್ಕರೆ ಸಾಗಿಸೋ ನಾಳ (ಫ್ಲೋಯಮ್) ಅದೇ, ಮರ ಅದೇ. ಪರಾವಲಂಬಿ ಅಂದ್ರೆ ಪರರನ್ನ ಅವಲಂಬಿಸಿದ್ದು. ಇಲ್ಲಿ ಪರರು ಯಾರು?

ಫಾತಿಮಾ, 7:26
ರೇಖಾ ಹೇಳಿದ್ದೇ ಸರಿ. ಪರಾವಲಂಬಿ ಅನ್ನೋಕೆ ಹೀರುಬೇರು, ಅಂದ್ರೆ ಬೇರೆ ಗಿಡದೊಳಗೆ ಇಳಿದು ಹೀರೋ ಬೇರು ಇರಬೇಕು. ಮಾವಿನ ಮೇಲಿನ ಬಂದಳಿಕೆ ಬೇರೆ ಜಾತಿ, ಹಕ್ಕಿ ತಂದ ಬೀಜದಿಂದ ಹುಟ್ಟಿ ಕೊಂಬೆಯೊಳಗೆ ಬೇರು ಇಳಿಸುತ್ತೆ. ಅದಕ್ಕೇ ಬಂದಳಿಕೆಯನ್ನ ಮಾತ್ರ ಕಿತ್ರೆ ಒಳಗೆ ಉಳಿದ ಬೇರಿನಿಂದ ಮತ್ತೆ ಚಿಗುರುತ್ತೆ, ಅಂಟಿಕೊಂಡ ಜಾಗಕ್ಕಿಂತ ಒಂದಡಿಯಾದ್ರೂ ಕೆಳಗೆ, ಬುಡದ ಕಡೆಗೆ ಕೊಂಬೆಯನ್ನೇ ಕಡಿಬೇಕು. ಶ್ರೀಗಂಧಕ್ಕೂ ಹೀರುಬೇರು ಇದೆ, ಪಕ್ಕದ ತೊಗರಿ ಬೇರಿಗೆ ಹೋಗಿ ಅಂಟುತ್ತೆ. ಆದ್ರೆ ಅದರ ಎಲೆ ಹಸಿರು, ಸಕ್ಕರೆ ಬಹುಪಾಲು ತಾನೇ ಮಾಡ್ಕೊಳುತ್ತೆ, ನೀರು, ಸಾರಜನಕ, ಖನಿಜ ಮಾತ್ರ ಕಡ. ಬಿಳಿ ರೆಡ್‌ವುಡ್ ಇದಕ್ಕೆ ಪೂರ್ತಿ ಉಲ್ಟಾ. ಹೀರುಬೇರು ಒಂದೂ ಇಲ್ಲ, ಆದ್ರೆ ಸಕ್ಕರೆ ಸಮೇತ ಎಲ್ಲವೂ ಬೇರೆ ಕಡೆಯಿಂದಲೇ ಬರಬೇಕು.

ಮಂಜುನಾಥ, 7:31
ನೀನೇ ಹೇಳಿದ್ಯಲ್ಲ, ಎಲ್ಲವೂ ಬೇರೆ ಕಡೆಯಿಂದ. ಒಂದು ಗ್ರಾಂ ಸಕ್ಕರೆ ವಾಪಸ್ ಕೊಡಲ್ಲ. ಇದನ್ನ ಬೇರೆ ಏನಂತ ಕರೀಬೇಕು? ಅಂಗರಚನೆ ನೋಡಿ ಹೆಸರಿಡೋದಾ, ಲೆಕ್ಕ ನೋಡಿ ಹೆಸರಿಡೋದಾ?

ರೇಖಾ, 7:34
ಲೆಕ್ಕ ನೋಡೋದಾದ್ರೆ ಬೇರೂ ಸಕ್ಕರೆ ಮಾಡಲ್ಲ, ಹೂವೂ ಮಾಡಲ್ಲ. ಬಾಳೆ ಕಂದು ಎಲೆ ಅಗಲ ಆಗೋವರೆಗೆ ತಾಯಿ ಗಡ್ಡೆಯಿಂದಲೇ ಉಣ್ಣುತ್ತೆ. ಕಂದನ್ನ ಪರಾವಲಂಬಿ ಅಂತ ಯಾರಾದ್ರೂ ಅಂತಾರಾ?

ಮಂಜುನಾಥ, 7:37
ಬೇರು ನೀರು ಕೊಡುತ್ತೆ, ಹೂವು ಬೀಜ ಕೊಡುತ್ತೆ. ಕಂದು ಮುಂದೆ ತಾನೇ ದುಡಿಯುತ್ತೆ, ಅದಕ್ಕೇ ಒಂದು ಬಿಡ್ತೀವಿ. ಉಳಿದವನ್ನ ಗೊನೆ ಸಣ್ಣ ಆಗುತ್ತೆ ಅಂತ ತಾನೇ ಕೊಚ್ಚಿ ಹಾಕೋದು? ಬಿಳಿ ಚಿಗುರು ಎಂದೂ ದುಡಿಯದ ಕಂದು.

ರೇಖಾ, 7:39
ಈ ಮಾತಿಗೆ ಬೆಲೆ ಇದೆ, ಒಪ್ತೀನಿ. ಆದ್ರೂ ಪದ ಒಪ್ಪಲ್ಲ.

ಸುರೇಶ್, 7:48
ಪದ ಆಮೇಲೆ ನೋಡೋಣ, ಮೊದಲು ಬೀಜದ ಸಾಲು ಅಳಿಸಿ. ಜನ ದುಡ್ಡು ಕಳ್ಕೊಳೋದು ಅಲ್ಲೇ. ರೆಡ್‌ವುಡ್ ಬೀಜ ಕಿಲೋಗೆ ಸುಮಾರು 2,65,000, ಅಂದ್ರೆ ಒಂದೊಂದು 4 ಮಿಲಿಗ್ರಾಂ ಕೂಡ ಇಲ್ಲ. ಅದರಲ್ಲಿರೋ ಆಹಾರ ಮೊಳಕೆಗೆ, ಮೊದಲ ಎಲೆಗೆ ಸಾಕು. ಸಸಿ ಬಿಳಿಯಾಗಿ ಹುಟ್ಟಿದ್ರೆ ಆ ಆಹಾರ ಮುಗಿದ ದಿನವೇ ಕೊನೆ. ಮುಸುಕಿನ ಜೋಳದ ಕಾಳು ಅದಕ್ಕಿಂತ ಎಷ್ಟೋ ದೊಡ್ಡದು, ಅದರ ಬಿಳಿ ಸಸಿಯೂ ಎರಡು ವಾರದ ಆಚೆ ಈಚೆ ಒಣಗುತ್ತೆ.

ಬಿಳಿ ಕೊಂಬೆ ಮುರಿದು ತಂದು ನೆಟ್ರೂ ಅಷ್ಟೇ. ಬೇರು ಬಿಡೋಕೆ ಸಕ್ಕರೆ ಬೇಕು, ಅದನ್ನ ಮಾಡೋ ಹಸಿರು ಆ ತುಂಡಲ್ಲಿ ಇಲ್ಲ. ಬಿಳಿ ಪಟ್ಟೆಯ ಮನಿಪ್ಲಾಂಟ್ ಬೆಳೆಸೋರಿಗೆ ಇದು ಗೊತ್ತು: ಕಡ್ಡಿಯ ಎಲೆಗಳಲ್ಲಿ ಸಾಕಷ್ಟು ಹಸಿರು ಇರಬೇಕು, ಪೂರ್ತಿ ಬಿಳಿ ಎಲೆಯ ಕಡ್ಡಿ ನೀರಲ್ಲಿ ಸ್ವಲ್ಪ ದಿನ ಚೆನ್ನಾಗಿ ಕಂಡು ಕೊಳೆಯುತ್ತೆ.

ಟಿಶ್ಯೂ ಕಲ್ಚರ್‌ನಲ್ಲಿ (ಗಿಡದ ತುಂಡಿನಿಂದ ಬಾಟಲಿಯಲ್ಲಿ ಸಸಿ ಮಾಡೋದು) ಇದು ಇನ್ನೂ ಸ್ಪಷ್ಟ. ಬಾಟಲಿಯೊಳಗಿನ ಪೋಷಕ ಜೆಲ್ಲಿಯಲ್ಲಿ (ಎಂಎಸ್ ಮಾಧ್ಯಮ) ಲೀಟರಿಗೆ 30 ಗ್ರಾಂ ಸಕ್ಕರೆ ಇರುತ್ತೆ. ಅದರೊಳಗೆ ಬಿಳಿ ಸಸಿ ಹಸಿರಿನ ಪಕ್ಕದಲ್ಲೇ ಮರಿ ಹಾಕುತ್ತೆ. ಹೊರಗಿನ ಗಾಳಿಗೆ ಒಗ್ಗಿಸೋಕೆ (ಹಾರ್ಡನಿಂಗ್) ಅಂತ ಕೊಕೊಪಿಟ್ ಟ್ರೇಗೆ ಇಟ್ಟ ಮೇಲೆ ಉಳಿಯಲ್ಲ. ಮುಚ್ಚಳ ಹಾಕಿ ತೇವ ಎಷ್ಟೇ ಹಿಡಿದಿಟ್ರೂ ಉಳಿಯಲ್ಲ, ಯಾಕಂದ್ರೆ ಕಡಿಮೆಯಾಗಿದ್ದು ತೇವ ಅಲ್ಲ, ಸಕ್ಕರೆ. ರೆಡ್‌ವುಡ್ ಬಿಳಿ ಚಿಗುರಿಗೆ ಆ ಬಾಟಲಿ ಅಂದ್ರೆ ತಾಯಿ ಮರದ ಬೇರು.

ಫಾತಿಮಾ, 7:52
ಸುರೇಶ್, ನಿಂಬೆ ಪಾತಿಯಲ್ಲಿ ಬಿಳಿ ಸಸಿ ಕಂಡ್ರೆ ಕಬ್ಬಿಣದ ಕೊರತೆ ಅಂತ ಎಲ್ಲರೂ ಔಷಧಿ ಹೊಡೀತಾರೆ. ಅದರ ಗುರುತನ್ನೂ ಇಲ್ಲೇ ಬರೆದುಬಿಡು.

ಸುರೇಶ್, 7:58
ಕಬ್ಬಿಣದ ಕೊರತೆಯಲ್ಲಿ ಮೊದಲ ಎಲೆಗಳು ಹಸಿರಾಗೇ ಬಂದಿರುತ್ತೆ, ಆಮೇಲಿನ ಹೊಸ ಎಲೆ ಬಿಳಚುತ್ತೆ, ಆಗಲೂ ನರ ಹಸಿರು. ಒಂದೇ ಕಡೆ ಹತ್ತಾರು ಸಸಿಗೆ ಒಟ್ಟಿಗೆ ಬರುತ್ತೆ, ಸುಣ್ಣದ ಮಣ್ಣಲ್ಲಿ ಹೆಚ್ಚು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜೆ ಸಿಂಪಡಿಸಿದ್ರೆ ವಾರ ಹತ್ತು ದಿನದಲ್ಲಿ ಹಸಿರು ತಿರುಗುತ್ತೆ. ಸಿಟ್ರಿಕ್ ಆಮ್ಲ ಬಿಟ್ರೆ ಕಬ್ಬಿಣ ತುಕ್ಕಿನ ಥರ ತಳಕ್ಕೆ ಕೂರುತ್ತೆ, ಎಲೆಗೆ ಹೋಗಲ್ಲ. ಆಲ್ಬಿನೋ, ಅಂದ್ರೆ ಹುಟ್ಟಿನಿಂದಲೇ ಬಿಳಿಯಾದ ಸಸಿ ಮೊದಲ ಎಲೆಯಿಂದಲೇ ನರ ಸಮೇತ ಬಿಳಿ, ಹಸಿರು ಸಸಿಗಳ ನಡುವೆ ಒಂಟಿಯಾಗಿ ನಿಂತಿರುತ್ತೆ, ಯಾವ ಸಿಂಪಡಣೆಗೂ ಜಗ್ಗಲ್ಲ. ಕಿತ್ತು ಹಾಕಿ, ಗೊಬ್ಬರ ದಂಡ ಮಾಡ್ಬೇಡಿ.

ವಿನಯ್ (ಸ್ಯಾನ್ ಹೋಸೆ), 8:10
ಇಲ್ಲಿಂದ ಹತ್ತಿರದ ಹೆನ್ರಿ ಕೋವೆಲ್ ಪಾರ್ಕ್‌ನಲ್ಲಿ ಬಿಳಿ ರೆಡ್‌ವುಡ್ ಇದೆ, ಫೆಲ್ಟನ್ ಊರಿನ ಪಕ್ಕ. ರೆಡ್‌ವುಡ್ ತೋಪಿನ ಸುತ್ತ ಸುಮಾರು 1.3 ಕಿಲೋಮೀಟರ್ ಸಮತಟ್ಟು ದಾರಿ, ವಯಸ್ಸಾದವರೂ ನಡೀಬಹುದು. ಫಾರ್ವರ್ಡ್‌ನಲ್ಲಿ "ಮರಗಳು" ಅಂದಿದ್ದು ನೋಡಿ ದೊಡ್ಡ ಬಿಳಿ ಕಾಂಡ ಹುಡುಕಬೇಡಿ. ಹೆಚ್ಚಿನವು ಆಳೆತ್ತರದ ಪೊದೆ, ಹಸಿರು ಮರದ ಬುಡಕ್ಕೆ ಅಂಟಿಕೊಂಡೇ ಇರುತ್ತೆ. 20 ಮೀಟರ್‌ವರೆಗೆ ಏರಿದ್ದು ಬಲು ಅಪರೂಪ. ಉಳಿದವು ಎಲ್ಲೆಲ್ಲಿ ಇವೆ ಅಂತ ಪಾರ್ಕ್‌ನವರು ಬಾಯಿ ಬಿಡಲ್ಲ, ನೆನಪಿಗೆ ಅಂತ ಟೊಂಗೆ ಮುರಿಯೋರು ಇದಾರೆ. ರೆಡ್‌ವುಡ್‌ಗೆ ತಾಯಿಬೇರು ಇಳಿಯಲ್ಲ, ಬೇರೆಲ್ಲ ಮೇಲ್ಮಣ್ಣಿನ ಹತ್ತಿರವೇ ಹರಡಿರುತ್ತೆ. ಬುಡಕ್ಕೆ ಹೋಗಿ ನಿಂತು ಫೋಟೋ ತೆಗೆದ್ರೆ ಮಣ್ಣು ಗಟ್ಟಿಯಾಗಿ ಆ ಬೇರಿಗೆ ಪೆಟ್ಟು. ಬೇಲಿ ದಾಟಲೇಬೇಡಿ.

ಭಟ್ ಸರ್, 8:32
ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಸೇರಿಸುತ್ತೇನೆ.

ಒಂದು, ಇದು ಯಾಕೆ ಇಷ್ಟು ಅಪರೂಪ. ಮನುಷ್ಯರಲ್ಲಿ, ಜೋಳದಲ್ಲಿ ಪ್ರತಿ ಜೀನಿಗೂ ಎರಡು ಪ್ರತಿ. ಕೋಸ್ಟ್ ರೆಡ್‌ವುಡ್ ಹೆಕ್ಸಾಪ್ಲಾಯ್ಡ್: 66 ವರ್ಣತಂತು, ಆರು ಪ್ರತಿ. ಒಂದು ಕೆಟ್ಟರೆ ಉಳಿದ ಐದು ಕೆಲಸ ನಡೆಸುತ್ತವೆ.   

ಎರಡು, ಬಿಳಿ ಎಲೆ ಸುಮ್ಮನೆ ಕೂತಿರುವುದಿಲ್ಲ. ಅದರ ಪತ್ರರಂಧ್ರಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಹಸಿರು ಎಲೆಗಿಂತ ಹೆಚ್ಚು ನೀರು ಆವಿಯಾಗುತ್ತದೆ. ನೀರಿನ ಜೊತೆ ಬಂದದ್ದು ಎಲೆಯಲ್ಲೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದ ಝೇನ್ ಮೂರ್ 2016ರಲ್ಲಿ ಮುಂದಿಟ್ಟ ವಿಶ್ಲೇಷಣೆಯಲ್ಲಿ ಬಿಳಿ ಎಲೆಗಳಲ್ಲಿ ನಿಕಲ್, ತಾಮ್ರ, ಕ್ಯಾಡ್ಮಿಯಂ ಹಸಿರು ಎಲೆಗಿಂತ ಸರಾಸರಿ ಎರಡು ಪಟ್ಟು ಇತ್ತು. ಬಿಳಿ ಚಿಗುರು ವಿಷವನ್ನು ತನ್ನಲ್ಲಿ ಇಟ್ಟುಕೊಂಡು ತಾಯಿ ಮರಕ್ಕೆ ನೆರವಾಗುತ್ತಿರಬಹುದು ಎಂಬುದು ಅವರ ಊಹೆ.

ರೇಖಾ, 8:36
ನೋಡಿದ್ಯಾ ಮಂಜು! ವಾಪಸ್ ಏನೂ ಕೊಡಲ್ಲ ಅಂದೆ. ಇದೇ ವಾಪಸ್.

ಮಂಜುನಾಥ, 8:43
ಸರ್, ಗೌರವದಿಂದಲೇ ಕೇಳ್ತೀನಿ. ಎಲೆಯಲ್ಲಿ ಲೋಹ ಹೆಚ್ಚಿದೆ ಅನ್ನೋದು ಅಳತೆ. ಅದರಿಂದ ತಾಯಿಗೆ ಲಾಭ ಅನ್ನೋದು ತೀರ್ಮಾನ. ನಡುವೆ ದೂರ ಇದೆ. ನೀರು ಹೆಚ್ಚು ಸೋರೋ ಎಲೆಯಲ್ಲಿ ಲೋಹ ತಾನಾಗೇ ಸೇರುತ್ತೆ, ಉಪಕಾರ ಅಂತ ಬೇರೆ ಹೇಳ್ಬೇಕಾಗಿಲ್ಲ. 60 ಮೀಟರ್ ಮರದ ಎಲೆರಾಶಿ ಎಲ್ಲಿ, ಬುಡದ ಆಳೆತ್ತರದ ಪೊದೆ ಎಲ್ಲಿ? ಅದು ಎಷ್ಟು ಲೋಹ ಹಿಡಿದಿಟ್ಟೀತು? ಬಿಳಿ ಚಿಗುರು ಇರೋ ಮರ, ಇಲ್ಲದ ಮರ, ಎರಡೂ ಒಂದೇ ಮಣ್ಣಲ್ಲಿ ಇರಬೇಕು. ಅವುಗಳ ಹಸಿರು ಎಲೆಯ ಲೋಹ, ವರ್ಷದ ಉಂಗುರದ ಅಗಲ ಹೋಲಿಸಬೇಕು. ಉದುರಿದ ಬಿಳಿ ಎಲೆ ಅದೇ ಬುಡದಲ್ಲೇ ಕೊಳೆತ್ರೆ ಲೋಹ ಮತ್ತೆ ಅದೇ ಬೇರಿಗೆ ತಾನೇ ಸಿಗೋದು?

ಭಟ್ ಸರ್, 8:47
ಒಳ್ಳೆಯ ಆಕ್ಷೇಪ. ಅದಕ್ಕೇ ಊಹೆ ಎಂದೆ. ಉಂಗುರದ ಹೋಲಿಕೆ ಆಗಲೇಬೇಕು.

ರೇಖಾ, 8:49
ಸರಿ, "ವಾಪಸ್" ಹಿಂದಕ್ಕೆ ತಗೊಂಡೆ.

ಸುರೇಶ್, 9:05
ಪ್ರಮಾಣದ ಮಾತು ಬಂದಿದ್ದಕ್ಕೆ ನರ್ಸರಿಯಲ್ಲಿ ಸಿಗೋ ಕೆಂಪು ತಲೆಯ ಕ್ಯಾಕ್ಟಸ್ ನೆನಪಿಸ್ತೀನಿ. ಆ ಕೆಂಪು ಗುಂಡು ಪತ್ರಹರಿತ್ತು ಇಲ್ಲದ ಜಿಮ್ನೋಕ್ಯಾಲಿಸಿಯಂ, ಕೆಳಗಿನ ಹಸಿರು ಕೋಲು ಡ್ರ್ಯಾಗನ್ ಫ್ರೂಟ್ ಕುಲದ ಹೈಲೋಸೀರಿಯಸ್. ರೆಡ್‌ವುಡ್‌ನಲ್ಲಿ ತಾನಾಗಿ ಆಗಿದ್ದನ್ನ ಇಲ್ಲಿ ಕೈಯಿಂದ ಮಾಡೋದು. ಕೋಲನ್ನ 8-10 ಸೆಂಟಿಮೀಟರ್ ಬಿಟ್ಟು, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಒಂದೇ ಏಟಿಗೆ ಅಡ್ಡ ಕೊಯ್ಯಬೇಕು. ಮೂರೂ ಏಣನ್ನ ಓರೆಯಾಗಿ ಸವರಬೇಕು, ಇಲ್ಲಾಂದ್ರೆ ಒಣಗೋವಾಗ ನಡುಭಾಗ ಕುಗ್ಗಿ ಗುಂಡು ಬಿಟ್ಕೊಳುತ್ತೆ. ಕೊಯ್ದ ಮುಖದ ನಡುವೆ ಉಂಗುರ ಕಾಣುತ್ತಲ್ಲ, ನೀರು-ಸಕ್ಕರೆ ಹರಿಯೋ ನಾಳ ಅದು. ಎರಡೂ ತುಂಡಿನ ಉಂಗುರ ಒಂದು ಕಡೆಯಾದ್ರೂ ಮುಟ್ಟಲೇಬೇಕು. ಅಳತೆ ಬೇರೆ ಬೇರೆ ಇದ್ರೆ ಗುಂಡನ್ನ ನಟ್ಟನಡುವೆ ಕೂರಿಸದೆ ಸ್ವಲ್ಪ ಪಕ್ಕಕ್ಕೆ ಸರಿಸಿ. ರಬ್ಬರ್ ಬ್ಯಾಂಡ್ ಎರಡು ಅಡ್ಡಡ್ಡ ಹಾಕಿ, ಒಣ ನೆರಳಲ್ಲಿ 8-10 ದಿನ. ಗಾಯಕ್ಕೆ ನೀರು ಬಿದ್ರೆ ಕೊಳೆತ.

ಈಗ ವಿಷಯಕ್ಕೆ ಬರ್ತೀನಿ. ಗುಂಡು ದೊಡ್ಡದಾದಷ್ಟೂ ಕೋಲು ಸೋಲುತ್ತೆ. ನೆರಳು ಬೀಳುತ್ತೆ, ಬೇಡಿಕೆ ಏರುತ್ತೆ, ಕೆಲವೇ ವರ್ಷದಲ್ಲಿ ಕೋಲು ಮೆತ್ತಗಾಗಿ ಎರಡೂ ಹೋಗುತ್ತೆ. ಇಲ್ಲಿ ಪರಾವಲಂಬಿ ಅಂದ್ರೆ ಒಪ್ತೀನಿ, ಬೇರೆ ಜಾತಿ, ಭಾರ ಹೆಚ್ಚು. ರೆಡ್‌ವುಡ್‌ನಲ್ಲಿ ಹಸಿರು ರಾಶಿಯ ಮುಂದೆ ಬಿಳಿಯ ಭಾರ ಲೆಕ್ಕಕ್ಕೇ ಬರಲ್ಲ, ತಾಯಿ ತಾಳಿಕೊಳುತ್ತೆ. ಬರ ಬಂದ ವರ್ಷ ಮೊದಲು ಒಣಗೋದು ಬಿಳಿ ಚಿಗುರೇ, ಆಮೇಲೆ ಅದೇ ಗಂಟಿನಿಂದ ಮತ್ತೆ ಏಳಬಹುದು. ನೂರಾರು ವರ್ಷ ಬಾಳೋದು ಗಂಟು, ಬಿಳಿ ಕೊಂಬೆ ಅಲ್ಲ.

ವಿನಯ್, 9:12
ಒಂದೇ ಮರದಲ್ಲಿ ಹಸಿರು-ಬಿಳಿ ಬೆರೆತದ್ದೂ ಇದೆ, ಕೈಮೆರಾ. ಕೊಟಾಟಿ ಊರಲ್ಲಿ ಅಂಥದೊಂದನ್ನ 2014ರಲ್ಲಿ ರೈಲು ಹಳಿಗೆ ಅಡ್ಡ ಅಂತ ಕಡಿಯೋದರಲ್ಲಿದ್ರು. ಜನ ಬಿಡಲಿಲ್ಲ, ಬೇರು-ಮಣ್ಣಿನ ಸಮೇತ ಎತ್ತಿ ಬೇರೆ ಕಡೆ ನೆಟ್ಟರು.

ರೇಖಾ, 9:20
ಮಂಜು, ನಿನ್ನ ಪರವಾಗಿ ಒಂದು ಮಾತು ನಾನೇ ಹೇಳ್ಬೇಕು, ಮುಚ್ಚಿಡೋದು ಸರಿಯಲ್ಲ. ರೆಡ್‌ವುಡ್‌ಗಳ ಬೇರು ಅಕ್ಕಪಕ್ಕದ ಮರದ ಬೇರಿಗೆ ಬೆಸೆದುಕೊಳುತ್ತೆ. ಹಾಗಾಗಿ ಬಿಳಿ ಚಿಗುರಿಗೆ ಬರೋ ಸಕ್ಕರೆಯಲ್ಲಿ ಸ್ವಲ್ಪ ಪಕ್ಕದ ಮರದ್ದೂ ಇರೋದು ಅಸಾಧ್ಯ ಅಲ್ಲ. ನ್ಯೂಜಿಲೆಂಡ್‌ನ ಕೌರಿ ಮರದ ಒಂದು ಮೋಟು ಬಗ್ಗೆ 2019ರಲ್ಲಿ ಪ್ರಕಟವಾಯ್ತು. ಒಂದು ಎಲೆಯೂ ಇಲ್ಲ, ಆದ್ರೂ ಜೀವಂತ. ಪಕ್ಕದ ಮರಗಳಲ್ಲಿ ಹಗಲು ನೀರು ಏರೋವಾಗ ಮೋಟಿನಲ್ಲಿ ಹರಿವು ಸ್ತಬ್ಧ, ರಾತ್ರಿ ಅವು ಸುಮ್ಮನಾದಾಗ ಇದರಲ್ಲಿ ಹರಿವು, ಅಂದ್ರೆ ಬೆಸೆದ ಬೇರಿನ ಮೂಲಕ ಪಕ್ಕದ ಮರಗಳಿಂದಲೇ ಬದುಕಿದೆ.

ಮಂಜುನಾಥ, 9:24
ಅಂದ್ರೆ "ಪರ" ಸಿಕ್ಕಿದ ಹಾಗಾಯ್ತು.

ರೇಖಾ, 9:25
ಸಿಕ್ಕಿರಬಹುದು, ಅಷ್ಟೇ. ಗುರುತು ಹಾಕಿದ ಇಂಗಾಲ, ಕಾರ್ಬನ್-13, ಪಕ್ಕದ ಮರದ ಎಲೆಗೆ ಉಣಿಸಿ ಬಿಳಿ ಎಲೆಯಲ್ಲಿ ಹುಡುಕಿ ಕಂಡ್ರೆ ಆಗ ಒಪ್ತೀನಿ.

ಮಂಜುನಾಥ, 9:41
ತಿದ್ದಿದ್ದು ಹೀಗಿದೆ, ನೋಡಿ: "ಕ್ಯಾಲಿಫೋರ್ನಿಯಾದ ಕೆಲವು ರೆಡ್‌ವುಡ್ ಮರಗಳ ಬುಡದಿಂದ ಹಸಿರಿಲ್ಲದ ಬಿಳಿ ಚಿಗುರು ಏಳುತ್ತದೆ. ತಾನು ಆಹಾರ ತಯಾರಿಸಲಾರದು, ತಾಯಿ ಮರದ ಬೇರಿನಿಂದ ಬರುವ ಸಕ್ಕರೆಯಲ್ಲೇ ಬದುಕುತ್ತದೆ. ಹೆಚ್ಚಿನವು ಆಳೆತ್ತರದ ಪೊದೆಗಳು. ಬೀಜ, ಕಡ್ಡಿ ಯಾವುದರಿಂದಲೂ ಬೆಳೆಸಲಾಗದು. ನೋಡಲು ಹೋದರೆ ಟೊಂಗೆ ಮುರಿಯಬೇಡಿ." ಪರಾವಲಂಬಿ ಪದ ತೆಗೆದಿದೀನಿ, ನಿಮ್ಮ ವಾದ ಪೂರ್ತಿ ಒಪ್ಪಿ ಅಲ್ಲ, ಓದೋರು ಬಂದಳಿಕೆ ಅಂದ್ಕೊಂಡುಬಿಡ್ತಾರೆ ಅಂತ.

ಫಾತಿಮಾ, 9:44
ಬೀಜದ ಸಾಲು ಮೊದಲಿಗೆ ತಾ. ಅರ್ಧ ಜನ ಕೊನೆವರೆಗೆ ಓದಲ್ಲ.

ಸುರೇಶ್, 9:45
"ಬೆಳೆಸಲಾಗದು" ಮುಂದೆ "ಬೀಜ ಮಾರುವವರು ಬಂದರೆ ಕೊಳ್ಳಬೇಡಿ" ಅಂತಲೂ ಸೇರಿಸು.

ಮಂಜುನಾಥ, 9:47
ಎರಡೂ ಮಾಡ್ದೆ. ಮನೆ ಗುಂಪಿಗೆ ಹಾಕ್ತಿದೀನಿ.