36 ವೋಲ್ಟಿನ ಹಳೇ ಗಾಲ್ಫ್ ಕಾರ್ಟ್: ಬ್ಯಾಟರಿ ಬದಲಿಸಿ 48 ಮಾಡಿದರೆ ಸಾಕಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಹಳೇ ಎಲೆಕ್ಟ್ರಿಕ್ ಕಾರ್ಟ್. 6 ವೋಲ್ಟಿನ ಆರು ಲೆಡ್ ಆಸಿಡ್ ಬ್ಯಾಟರಿ, ಸೀರೀಸ್ ಮೋಟಾರು. ರಾತ್ರಿಯಿಡೀ ಚಾರ್ಜ್ ಮಾಡಿದರೆ ಮೀಟರ್ 38 ತೋರಿಸುತ್ತದೆ, ಆದರೆ ಏರು ಹತ್ತುವಾಗ 30ಕ್ಕೆ ಕುಸಿದು ಗಾಡಿ ತೆವಳುತ್ತದೆ. ಬ್ಯಾಟರಿ ಹೇಗೂ ಹೊಸದು ಬೇಕು, ಹಾಗಾಗಿ 48 ವೋಲ್ಟಿನ ಲಿಥಿಯಂ ಪ್ಯಾಕೇ ಹಾಕಿಬಿಡೋಣ ಅನಿಸಿದೆ. ಅದೊಂದನ್ನು ಬದಲಿಸಿದರೆ ಸಾಕಾ? ಹೆಡ್‌ಲೈಟಿಗೆ ಯಾರೋ ಎರಡು ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದಾರೆ, ಅದನ್ನೇನು ಮಾಡಲಿ?

ದಪ್ಪತಂತಿ:
ಮೊದಲು ಇದು ಹೇಳಿ, ಆ 30 ವೋಲ್ಟ್ ಎಲ್ಲಿ ಅಳೆದಿರಿ? ಬ್ಯಾಟರಿ ತುದಿಯಲ್ಲೋ, ಕಂಟ್ರೋಲರ್ (ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ) ಹತ್ತಿರವೋ? ಎರಡೂ ಒಂದೇ ಅಲ್ಲ. ಹಳೇ ಕಾರ್ಟುಗಳಲ್ಲಿ ಹೆಚ್ಚಾಗಿ 6 ಗೇಜ್ ಕೇಬಲ್ ಇರುತ್ತದೆ, ಅಂದರೆ 13 ಚದರ ಮಿಮೀ ತಾಮ್ರ. ಅದರಲ್ಲಿ 200 ಆಂಪಿಯರ್ ಹರಿದರೆ ಮೀಟರ್ ಉದ್ದಕ್ಕೆ ಕಾಲು ವೋಲ್ಟ್ ಹೋಗುತ್ತದೆ, 50 ವ್ಯಾಟ್ ಸುಮ್ನೆ ಬಿಸಿಯಾಗಿ ಕಳೆದುಹೋಗುತ್ತದೆ. 35 ಚದರ ಮಿಮೀ ಹಾಕಿದರೆ ಅದು 20 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಕೇಬಲ್‌ಗಿಂತ ಜಾಸ್ತಿ ಕಾಟ ಕೊಡುವುದು ಲಗ್ಗುಗಳು, ಅಂದರೆ ಕೇಬಲ್ ತುದಿಗೆ ಒತ್ತಿ ಬೋಲ್ಟಿಗೆ ಸಿಕ್ಕಿಸುವ ಲೋಹದ ತುಂಡುಗಳು. ಹೊರಗಿಂದ ಚೆನ್ನಾಗೇ ಕಾಣುತ್ತವೆ, ಕತ್ತರಿಸಿ ನೋಡಿದರೆ ಒಳಗೆಲ್ಲ ಹಸಿರು ಪುಡಿ.

ಒಂದು ಕೆಲಸ ಮಾಡಿ. ಮಲ್ಟಿಮೀಟರಿನ ಒಂದು ಕ್ಲಿಪ್ಪು ಕೇಬಲ್ ಸೇರುವ ಸಂದಿನ ಈ ಕಡೆ, ಇನ್ನೊಂದು ಆ ಕಡೆ ಹಾಕಿ. ಬೇರೆಯವರು ಗಾಡಿಯನ್ನು ಏರಿನಲ್ಲಿ ಓಡಿಸಲಿ, ನೀವು ಮೀಟರ್ ನೋಡಿ. ಪ್ರೋಬನ್ನು ಕೈಯಲ್ಲಿ ಹಿಡಿದು ಕೂರಬೇಡಿ, ಕ್ಲಿಪ್ಪೇ ಇರಲಿ. ಒಳ್ಳೆಯ ಸಂದಿನಲ್ಲಿ ಕೆಲವು ಮಿಲಿವೋಲ್ಟ್ ಬಂದರೆ ಹೆಚ್ಚು.

ಹಳೇಗಾಡಿ:
ಇವತ್ತು ಅಳೆದೆ. ನಾನು ಮೊದಲು ನೋಡಿದ್ದು ಕಂಟ್ರೋಲರ್ ಹತ್ತಿರ. ಅದೇ ಏರಿನಲ್ಲಿ ಬ್ಯಾಟರಿ ತುದಿಯಲ್ಲಿ 33.1 ಇದೆ! ಮೂರು ವೋಲ್ಟ್ ದಾರಿಯಲ್ಲೇ ಮಾಯ. ಒಂದೊಂದೇ ಸಂದು ನೋಡುತ್ತಾ ಹೋದೆ, ಸೊಲೆನಾಯ್ಡಿನ (ಬ್ಯಾಟರಿಯ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ) ಒಂದು ಲಗ್‌ನಲ್ಲಿ ಮಾತ್ರ 1.4 ವೋಲ್ಟ್ ಬಂತು. ಗಾಡಿ ನಿಲ್ಲಿಸಿ ಬೆರಳು ತಾಗಿಸಿದರೆ ಚುರುಕ್ಕಂತು, ಪಕ್ಕದ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿದೆ. ಬ್ಯಾಟರಿಗಳಲ್ಲಿ ಐದು 5.7ರಲ್ಲಿ ನಿಂತವು, ಒಂದು ಮಾತ್ರ 4.6ಕ್ಕೆ ಬಿತ್ತು.

ದಪ್ಪತಂತಿ:
ಸಿಕ್ಕಿತಲ್ಲ! 150 ಆಂಪಿಯರ್ ಅಂತ ಹಿಡಿದರೂ ಆ ಒಂದೇ ಲಗ್‌ನಲ್ಲಿ 210 ವ್ಯಾಟ್ ಉರಿಯುತ್ತಿದೆ. ಇದನ್ನು ಸರಿಮಾಡದೆ 48 ಹಾಕಿದ್ದರೆ ಹೊಸ ಪ್ಯಾಕ್ ಇದ್ದೂ ಇದೇ ಜಾಗ ಸುಡುತ್ತಿತ್ತು. ಕೇಬಲ್ ಪೂರ್ತಿ ಬದಲಿಸಿ, ಲಗ್ಗುಗಳನ್ನು ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದದ್ದು ನಿಲ್ಲುವುದಿಲ್ಲ.

ಮೀಟರ್‌ಕೈ:
48ಕ್ಕೆ ಹೋಗುವುದಾದರೆ ಬ್ಯಾಟರಿ ಒಂದರಿಂದ ಆಗುವುದಿಲ್ಲ ಸರ್. 48 ಅಂತ ಮಾರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್ ಅಂದರೆ ಸಾಮಾನ್ಯವಾಗಿ 16 ಸೆಲ್, 51.2 ವೋಲ್ಟ್, ಪೂರ್ತಿ ತುಂಬಿದಾಗ 58.4ರವರೆಗೆ ಹೋಗುತ್ತದೆ. ನಿಮ್ಮ 36ರ ಕಂಟ್ರೋಲರ್ ಅದನ್ನು ತಡೆಯುತ್ತದೆ ಅಂತ ನಂಬಿ ಕೂರಬೇಡಿ. ಹೊಸದು ತಗೊಳ್ಳುವಾಗ ಗರಿಷ್ಠ ವೋಲ್ಟೇಜ್ ನೋಡಿ, ನಿಮ್ಮ ಥ್ರಾಟಲ್ (ಪೆಡಲ್ ಎಷ್ಟು ಒತ್ತಿದೆ ಅಂತ ಕಂಟ್ರೋಲರಿಗೆ ಹೇಳುವ ಭಾಗ) ಅದಕ್ಕೆ ಹೊಂದುತ್ತದಾ ಅಂತಲೂ ನೋಡಿ. ಸೊಲೆನಾಯ್ಡಿನ ಕಾಯಿಲ್ ಕೂಡ 48ರದ್ದೇ ಬೇಕು. ಅದರ ದೊಡ್ಡ ಎರಡು ಬೋಲ್ಟಿನ ಮಧ್ಯೆ ಪ್ರೀಚಾರ್ಜ್ ರೆಸಿಸ್ಟರ್ ಮರೆಯಬೇಡಿ. ಅದಿಲ್ಲದಿದ್ದರೆ ಕಂಟ್ರೋಲರ್ ಒಳಗಿನ ಕೆಪಾಸಿಟರ್ ತುಂಬುವಾಗ ಒಮ್ಮೆಲೇ ಕರೆಂಟ್ ನುಗ್ಗಿ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಳ್ಳಬಹುದು, ಆಗ ಪೆಡಲ್ ಬಿಟ್ಟರೂ ಸೊಲೆನಾಯ್ಡ್ ಬಿಡುವುದಿಲ್ಲ. ಚಾರ್ಜರ್ ಲಿಥಿಯಂನದ್ದೇ ಇರಲಿ.

ಪ್ಯಾಕ್ ಕೊಳ್ಳುವಾಗ ಎಲ್ಲರೂ ಆಂಪಿಯರ್-ಅವರ್ ಅಷ್ಟೇ ಕೇಳುತ್ತಾರೆ, ಬಿಎಂಎಸ್ (ಪ್ಯಾಕಿನೊಳಗೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಎಷ್ಟು ಕರೆಂಟ್ ಬಿಡುತ್ತದೆ ಅಂತ ಕೇಳುವುದಿಲ್ಲ. 300 ಆಂಪಿಯರ್ ಕಂಟ್ರೋಲರಿಗೆ 100 ಆಂಪಿಯರ್ ಬಿಎಂಎಸ್ ಸಿಕ್ಕಿಸಿದರೆ ಏರಿನ ಅರ್ಧದಲ್ಲಿ ಎಲ್ಲ ಆಫ್.

ಲೈಟಿಗೆ 48ರಿಂದ 12ಕ್ಕೆ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ, ಅದಕ್ಕೆ ಬೇರೆ ಫ್ಯೂಸ್. ಎರಡೇ ಬ್ಯಾಟರಿಯಿಂದ ಎಳೆದರೆ ಅವೆರಡು ಉಳಿದವಕ್ಕಿಂತ ಮುಂಚೆ ಸೊರಗುತ್ತವೆ. ಆ 4.6ರದ್ದು ಲೈಟಿನ ಎರಡರಲ್ಲಿ ಒಂದಾ?

ಹಳೇಗಾಡಿ:
ಹೌದು, ಅದೇ! ಲೈಟಿನ ತಂತಿ ಇರುವುದು ಅದಕ್ಕೇ. ಮೊದಲು ಕೇಬಲ್, ಆಮೇಲೆ ಉಳಿದಿದ್ದೆಲ್ಲ ಒಟ್ಟಿಗೆ ಬದಲಿಸುತ್ತೇನೆ.

ನಿಧಾನ:
ಇನ್ನೊಂದು ವಿಷಯ. ಅದೇ ಮೋಟಾರಿಗೆ 48 ಕೊಟ್ಟರೆ ವೇಗ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ತುಂಬಾ ಕಾರ್ಟುಗಳಲ್ಲಿ ಬ್ರೇಕ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಬ್ರೇಕ್ ಶೂ, ಬ್ರೇಕ್ ಕೇಬಲ್ ಎರಡನ್ನೂ ಮೊದಲೇ ನೋಡಿಕೊಳ್ಳಿ. ಕೆಲಸಕ್ಕೆ ಕೂರುವಾಗ ಉಂಗುರ, ವಾಚು ಬಿಚ್ಚಿಡಿ, ಮುಖ್ಯ ಫ್ಯೂಸ್ ಪ್ಯಾಕಿನ ಪಾಸಿಟಿವ್ ಪಕ್ಕದಲ್ಲೇ ಇರಲಿ. ಮೊದಲ ಸಲ ಆನ್ ಮಾಡುವಾಗ ಹಿಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ ಪೆಡಲನ್ನು ಮೆಲ್ಲಗೆ ಒತ್ತಿ. ಸೀರೀಸ್ ಮೋಟಾರ್ ಲೋಡಿಲ್ಲದೆ ವಿಪರೀತ ಓಡುತ್ತದೆ. ಚಕ್ರ ತಿರುಗಲು ಶುರುವಾದ ಕೂಡಲೇ ಕಾಲು ತೆಗೆಯಿರಿ.