ಚರ್ಚಿನ ಲೆಕ್ಕದ ಪುಸ್ತಕ ನನ್ನ ಕೈಯಿಂದ ಹೋಯಿತು. ಇದನ್ನೂ ದೇವರ ಪ್ರೀತಿ ಅನ್ನಬೇಕಾ?

ಬೀದರ್ ಸಹೋದರ:

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆ. ಗಾಂಧಿಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಚರ್ಚಿನಲ್ಲೂ 6 ವರ್ಷ ಖಜಾಂಚಿ ಆಗಿದ್ದೆ. "ಆಗಿದ್ದೆ" ಅಂತ ಬರೆಯೋದು ಕಷ್ಟವಾಗುತ್ತಿದೆ.

ಹೋದ ಸುಗ್ಗಿ ಹಬ್ಬದಲ್ಲಿ ಚರ್ಚಿಗೆ ಕಾಣಿಕೆ ಬಂದ ಜೋಳ, ತೊಗರಿ, ಕೋಳಿ, ಕುಂಬಳಕಾಯಿ ಎಲ್ಲಾ ಹರಾಜಾಗಿ ದುಡ್ಡು ನನ್ನ ಕೈಗೆ ಬಂತು. ಮರುದಿನ ಬ್ಯಾಂಕಿಗೆ ಕಟ್ಟಬೇಕಿತ್ತು. ಅದೇ ವಾರ ಮಗಳ ಶಾಲೆ ಫೀಗೆ ಕಡೆಯ ದಿನ. ಅದರಲ್ಲಿ 12,000 ರೂಪಾಯಿ ತೆಗೆದೆ. ಪಗಾರ ಬಂದ ಕೂಡಲೇ ಇಟ್ಟರಾಯಿತು ಅಂದುಕೊಂಡೆ. ಪಗಾರ ಬಂತು, ಇಡಲಿಲ್ಲ. ಮುಂದಿನ ತಿಂಗಳೂ ಇಡಲಿಲ್ಲ. ಪುಸ್ತಕದಲ್ಲಿ ಮಾತ್ರ "ಬ್ಯಾಂಕಿಗೆ ಜಮಾ" ಅಂತ ನನ್ನ ಅಕ್ಷರದಲ್ಲೇ ಬರೆದಿದ್ದೆ. ಕಮಿಟಿಯವರು ಪಾಸ್‌ಬುಕ್ ಪಕ್ಕದಲ್ಲಿಟ್ಟು ನೋಡಿದ ದಿನ ಸಿಕ್ಕಿಬಿದ್ದೆ.

ಪಾಸ್ಟರ್ ಬೈಯಲಿಲ್ಲ. ಕಾಣಿಕೆ ಪೆಟ್ಟಿಗೆಯ ಕೀಲಿ ಕೇಳಿದರು. ಅದು ನನ್ನ ಗಾಡಿ ಕೀಲಿಯ ಗೊಂಚಲಿನಲ್ಲೇ ಇತ್ತು. ರಿಂಗಿನಿಂದ ಬಿಡಿಸಲು ಹೋದರೆ ಉಗುರು ನಿಲ್ಲುತ್ತಿಲ್ಲ. ಕಡೆಗೆ ಅವರೇ ಬಿಡಿಸಿಕೊಂಡರು. "ಒಂದು ವರ್ಷ ಯಾವ ಜವಾಬ್ದಾರಿಯೂ ಬೇಡ. ಆರಾಧನೆ ಮಾತ್ರ ತಪ್ಪಿಸಬೇಡ. ದುಡ್ಡು ತಿಂಗಳಿಗಿಷ್ಟು ಅಂತ ತೀರಿಸು" ಎಂದರು. ಬೈಬಲ್‌ನಿಂದ ಇಬ್ರಿಯರಿಗೆ 12 ಓದಿದರು. ಕರ್ತನು ತಾನು ಪ್ರೀತಿಸುವವನನ್ನೇ ಶಿಕ್ಷಿಸುತ್ತಾನೆ ಅನ್ನುವ ಮಾತು. ಅದನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ಆವತ್ತು ನನ್ನ ಕಿವಿಗೇ ಇಳಿಯಲಿಲ್ಲ.

ಈಗ ಭಾನುವಾರ ಆರಾಧನೆ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಚಿಲ್ಲರೆ ಸುರಿಯುವ ಸದ್ದು ಕೇಳುತ್ತದೆ. ನಾನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿರುತ್ತೇನೆ. "ಪಪ್ಪಾ, ನೀನು ಕಾಣಿಕೆ ಎಣಿಸಲ್ವಾ?" ಅಂತ ಮಗಳು ಕೇಳಿದಳು. ಕೆಲಸ ಜಾಸ್ತಿ ಇದೆ ಅಂದುಬಿಟ್ಟೆ.

ಇದರ ಮಧ್ಯೆ ಅವಳಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿದು 6 ದಿನ ಆಸ್ಪತ್ರೆಯಲ್ಲಿದ್ದಳು. ಈಗ ಹುಷಾರಾಗಿದ್ದಾಳೆ, ದೇವರಿಗೆ ಸ್ತೋತ್ರ. ಆದರೆ ನಮ್ಮ ದೊಡ್ಡಪ್ಪ ಮಂಚದ ಪಕ್ಕದಲ್ಲೇ ನಿಂತು, "ದೇವರ ದುಡ್ಡು ಮುಟ್ಟಿದೆ, ಮಗಳ ಮೇಲೆ ಬಂತು. ದಾವೀದನ ಮಗುವಿಗೆ ಏನಾಯಿತು ಗೊತ್ತಲ್ಲ?" ಅಂದರು. ಆ ಮಾತು ಈಗಲೂ ರಾತ್ರಿ ಎಬ್ಬಿಸುತ್ತದೆ.

ಕೀಲಿ ಹೋದದ್ದು, ಜ್ವರ ಬಂದದ್ದು, ಎರಡೂ ದೇವರ ಶಿಕ್ಷೆಯಾ? ಇದನ್ನು ಪ್ರೀತಿ ಅಂತ ಒಪ್ಪಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ.

ಆಳಂದ ಕಡೆಯ ರೈತ:

ತಮ್ಮಾ, ನಾನು ಓದಿದ್ದು ಕಡಿಮೆ. ತೊಗರಿ ಹೊಲದ ಮಾತು ಹೇಳುತ್ತೇನೆ.

ಬಿತ್ತಿ 45-50 ದಿನಕ್ಕೆ ತೊಗರಿಯ ಕುಡಿ ಚಿವುಟುತ್ತೇವೆ. ಗಿಡ ಆಗ ತಾನೇ ಹಸಿರಾಗಿ ಮೇಲೆದ್ದಿರುತ್ತದೆ. ಕೃಷಿ ವಿಜ್ಞಾನ ಕೇಂದ್ರದವರು ಮೊದಲ ಸಲ ಹೇಳಿದಾಗ ನನಗೆ ಮನಸ್ಸೇ ಬರಲಿಲ್ಲ. ಚೆನ್ನಾಗಿ ಬೆಳೆಯುತ್ತಿರೋದನ್ನ ಯಾಕೆ ಮುರಿಯಬೇಕು ಅಂತ. ಅರ್ಧ ಹೊಲಕ್ಕೆ ಮಾತ್ರ ಮಾಡಿದೆ. ಚಿವುಟಿದ ಕಡೆ ಬಗಲಿನಿಂದ ಟಿಸಿಲು ಒಡೆದು ಗಿಡ ಪೊದೆಯಾಯಿತು. ಬಿಟ್ಟ ಕಡೆ ಗಿಡ ಎತ್ತರವಾಯಿತು, ಕಾಯಿ ಕಡಿಮೆ. ಯೋಹಾನ 15ರಲ್ಲಿ ತಂದೆ ತೋಟಗಾರ ಅಂತ ಇದೆ ನೋಡು. ಫಲ ಕೊಡುವ ಕೊಂಬೆಗೇ ಅವನು ಕೈ ಹಾಕುತ್ತಾನೆ, ಇನ್ನೂ ಜಾಸ್ತಿ ಫಲ ಬರಲಿ ಅಂತ.

ಆದರೆ ನೆಟೆ ರೋಗ ಬೇರೆ. ಎಲೆ ಹಳದಿಯಾಗಿ ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಅದು ಮಣ್ಣಿನ ರೋಗ, ರೈತ ಚಿವುಟಿದ್ದಲ್ಲ. ಎರಡರಲ್ಲೂ ಗಿಡ ಬಾಡಿದ ಹಾಗೆ ಕಾಣುತ್ತದೆ. ದೂರದಿಂದ ನೋಡಿದವನು ಎರಡನ್ನೂ ಒಂದೇ ಅನ್ನುತ್ತಾನೆ. ನಿನ್ನ ಕೀಲಿ ತೆಗೆದುಕೊಂಡದ್ದು ಚಿವುಟಿದ್ದು. ಅದು ಯಾಕೆ ಅಂತ ನಿನಗೆ ಗೊತ್ತು, ಪಾಸ್ಟರ್‌ಗೆ ಗೊತ್ತು. ಎಷ್ಟು ದಿನ ಅಂತಲೂ ಹೇಳಿದ್ದಾರೆ. ಮಗಳ ಜ್ವರ ಸೊಳ್ಳೆಯಿಂದ ಬಂದದ್ದು. ನಿಮ್ಮ ಓಣಿಯಲ್ಲಿ ಇನ್ನೆಷ್ಟು ಮನೆಗೆ ಬಂದಿತ್ತು ಕೇಳಿ ನೋಡು.

ಯಾದಗಿರಿ ನರ್ಸ್:

ಅಣ್ಣಾ, ದೊಡ್ಡಪ್ಪನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಜ್ವರದ ಮಕ್ಕಳ ಪಕ್ಕ ನಿಂತು ಇಂಥ ಮಾತು ಆಡುವವರನ್ನ ವಾರ್ಡಿನಲ್ಲಿ ತುಂಬಾ ನೋಡಿದ್ದೇನೆ. ನನಗೆ ತಡೆಯೋಕೆ ಆಗಲ್ಲ.

ದಾವೀದನ ಪಾಪಕ್ಕೆ ಅವನ ಮಗು ಸತ್ತಿತು ಅಂತ 2 ಸಮುವೇಲ 12ರಲ್ಲಿ ಇರೋದು ನಿಜ. ಆದರೆ ಅಲ್ಲಿ ನಾತಾನ ಪ್ರವಾದಿ ಬಂದು ದಾವೀದನ ಮುಂದೆ ನಿಂತು ದೇವರ ಮಾತು ಹೇಳಿದ. ನಿಮ್ಮ ದೊಡ್ಡಪ್ಪ ನಾತಾನನಲ್ಲ. ಹುಟ್ಟು ಕುರುಡನನ್ನು ತೋರಿಸಿ ಶಿಷ್ಯರು ಯಾರ ಪಾಪ ಅಂತ ಕೇಳಿದಾಗ ಯೇಸು, ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಅಂದರು. ಸಿಲೋವದ ಗೋಪುರ ಬಿದ್ದು ಸತ್ತ 18 ಜನರ ವಿಷಯದಲ್ಲೂ ಅಷ್ಟೇ, ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಲ್ಲ ಅಂದರು. ಕಷ್ಟದಲ್ಲಿದ್ದ ಯೋಬನಿಗೆ ಅವನ ಗೆಳೆಯರು, ಇದು ನಿನ್ನ ಪಾಪದ ಫಲ ಅಂತ ದೊಡ್ಡಪ್ಪನ ಹಾಗೇ ಮಾತಾಡಿದರು. ಕಡೆಗೆ ದೇವರು ಕೋಪ ಮಾಡಿಕೊಂಡದ್ದು ಆ ಗೆಳೆಯರ ಮೇಲೆ.

ಇನ್ನು "ಶಿಕ್ಷೆ" ಅನ್ನೋ ಪದ. ಅದನ್ನು ಕೇಳಿದರೆ ನನಗೆ ಬಹಳ ವರ್ಷ ನಮ್ಮಪ್ಪನ ಬೆಲ್ಟು ಕಣ್ಣಿಗೆ ಬರುತ್ತಿತ್ತು. ಅವರು ಕುಡಿದಾಗ ಹೊಡೆಯುತ್ತಿದ್ದರು. ಯಾಕೆ ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ. ಅದು ಪ್ರೀತಿ ಅಂತ ನನಗೆ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ನಮ್ಮನ್ನು ಹೆತ್ತ ತಂದೆಗಳು ತಮಗೆ ಸರಿ ಕಂಡಂತೆ ಮಾಡಿದರು, ದೇವರು ಮಾಡುವುದು ನಮ್ಮ ಹಿತಕ್ಕೆ ಅಂತ ಇಬ್ರಿಯರಿಗೆ 12:10ರಲ್ಲಿ ಇದೆ. ಎರಡನ್ನೂ ಒಂದೇ ಮಾಡಿಲ್ಲ ಅನ್ನೋದು ನನಗೆ ಬಹಳ ತಡವಾಗಿ ಕಂಡಿತು. ಅಲ್ಲಿರುವ ಗ್ರೀಕ್ ಪದ ಪೈದೆಯಾ, ಮಗು ಅನ್ನೋ ಪದದಿಂದ ಬಂದದ್ದು, ಮಗುವನ್ನು ಕಲಿಸಿ ಬೆಳೆಸೋದು ಅಂತ. ನಮ್ಮಲ್ಲೂ ಶಿಕ್ಷೆ, ಶಿಕ್ಷಣ, ಶಿಕ್ಷಕ ಒಂದೇ ಬೇರಿನವು ಅಲ್ವಾ? ಈಗ ನಾನು ಒಂದನ್ನೇ ನೋಡುತ್ತೇನೆ. ಇದು ನನ್ನನ್ನು ದೇವರ ಹತ್ತಿರ ಕರೆಯುತ್ತಿದೆಯಾ, ಓಡಿಸುತ್ತಿದೆಯಾ? ನಿಮಗೆ ಪಾಸ್ಟರ್ "ಆರಾಧನೆ ತಪ್ಪಿಸಬೇಡ" ಅಂದರು. ಬಾಗಿಲು ಹಾಕಲಿಲ್ಲ.

ಬೀದರ್‌ನವನೇ, ಇನ್ನೊಬ್ಬ:

ನೋವಾದರೆ ನೋವು ಅನ್ನಿ ಬ್ರದರ್. ಶಿಕ್ಷೆ ಆಗುವಾಗ ಖುಷಿ ಅನ್ನಿಸಲ್ಲ, ದುಃಖವೇ ಅನ್ನಿಸುತ್ತದೆ ಅಂತ ಮುಂದಿನ ವಚನದಲ್ಲೇ ಇದೆ. ಫಲ ಆಮೇಲೆ. ನಗುನಗುತ್ತಾ ಒಪ್ಪಿಕೊಳ್ಳಿ ಅಂತ ಯಾರೂ ಕೇಳಿಲ್ಲ. ಮತ್ತೆ, ಮಗಳಿಗೆ ಹೇಳಿದ ಸುಳ್ಳು ಇನ್ನೂ ಹಾಗೇ ಇದೆಯಲ್ಲ?

ಬೀದರ್ ಸಹೋದರ (9 ದಿನದ ಮೇಲೆ):

ಕಡೆಯ ಸಾಲು ಓದಿ ಎರಡು ದಿನ ಇಲ್ಲಿಗೆ ಬರಲೇ ಇಲ್ಲ. ಸಿಟ್ಟು ಬಂದಿತ್ತು. ಅವರು ಹೇಳಿದ್ದು ಸರಿ ಇತ್ತು, ಅದಕ್ಕೇ.

ಓಣಿಯಲ್ಲಿ ಕೇಳಿದೆ. ನಮ್ಮ ಸಾಲಿನಲ್ಲೇ ಇನ್ನೂ ನಾಲ್ಕು ಮನೆಯಲ್ಲಿ ಡೆಂಗಿ. ರಾತ್ರಿ ಈಗ ನಿದ್ದೆ ಬರುತ್ತಿದೆ.

ನಿನ್ನೆ ಊಟ ಆದ ಮೇಲೆ ಮಗಳಿಗೆ ಎಲ್ಲಾ ಹೇಳಿದೆ. ನಿನ್ನ ಫೀಗೆ ತೆಗೆದೆ ಅಂತ ಮಾತ್ರ ಹೇಳಲಿಲ್ಲ, ಚರ್ಚಿನ ದುಡ್ಡು ತೆಗೆದೆ, ಸುಳ್ಳು ಬರೆದೆ ಅಂದೆ. ಬಹಳ ಹೊತ್ತು ತಟ್ಟೆ ನೋಡುತ್ತಾ ಕೂತಳು. "ಎಲ್ಲಾ ವಾಪಸ್ ಕೊಟ್ಟಿದ್ದೀಯಾ?" ಅಂದಳು. ಇನ್ನೂ 5,000 ಇದೆ ಅಂದೆ. "ಹಾಗಾದ್ರೆ ನಾನು ಶಾಲೆ ಟ್ರಿಪ್‌ಗೆ ಹೋಗಲ್ಲ" ಅಂದಳು. ಬೇಡ ಮಗಾ, ಇದು ನನ್ನ ಲೆಕ್ಕ, ನಿನ್ನದಲ್ಲ, ನೀನು ಹೋಗು ಅಂದೆ.

ಮುಂದಿನ ಕಂತು 5ನೇ ತಾರೀಖು. ಹೊಸ ಖಜಾಂಚಿ ನನಗಿಂತ ಚಿಕ್ಕ ಹುಡುಗ. ರಸೀದಿ ಬರೆದು ಕೊಡುವಾಗ ಅವನೇ ತಲೆ ತಗ್ಗಿಸುತ್ತಾನೆ. ಈ ಸಲ ಅವನ ಹೆಗಲ ಮೇಲೆ ಕೈ ಇಡಬೇಕು ಅಂದುಕೊಂಡಿದ್ದೇನೆ.